ತಾಮ್ರದಮ್ಮನ ಎಣಿಕೆ

ಪಟ್ಟಿಯಂಥ ಕೇಬಲ್ಲಿನ ಒಂದು ಅಂಚಿನುದ್ದಕ್ಕೂ ಕೆಂಪು ಗೆರೆಯಿತ್ತು. ಆ ಗೆರೆ ಬೋರ್ಡಿನ ಮೇಲಿನ ಬಿಳಿ ಚುಕ್ಕೆಯ ಕಡೆಗೆ ಬರಬೇಕು. ಸೊಸೆ ಬೋರ್ಡನ್ನು ಕಿಟಕಿಯ ಬೆಳಕಿಗೆ ವಾಲಿಸಿ ಮತ್ತೊಮ್ಮೆ ನೋಡಿದಳು. ತಿರುಗಾಮುರುಗಾ ಹಾಕಿದರೂ ಸಲೀಸಾಗಿ ಕೂತುಬಿಡುವ ಜೋಡಣೆ ಅದು. ತಪ್ಪನ್ನು ತಡೆಯುವ ಗೋಜಿಗೇ ಹೋಗುವುದಿಲ್ಲ.

"ಅದೇನು ಹೇನು ಹುಡುಕ್ತಿದ್ದೀಯಾ ಅದ್ರಲ್ಲಿ?" ಎಂದರು ಅತ್ತೆ, ತಲೆಯೆತ್ತದೆ.

"ತಲೆ ಯಾವ ಕಡೆ, ಬಾಲ ಯಾವ ಕಡೆ ಅಂತ ನೋಡ್ತಿದ್ದೀನಿ ಅತ್ತೆ."

"ನೋಡು, ನೋಡು. ನನ್ನ ಮಗನ್ನ ಒಪ್ಕೊಳ್ಳೋವಾಗ ಇಷ್ಟು ಹೊತ್ತು ನೋಡಿರ್ಲಿಲ್ಲ ನೀನು."

ಮಾತಿನಲ್ಲಿ ಎಂದಿನ ಖಾರವಿತ್ತು, ದನಿಯಲ್ಲಿರಲಿಲ್ಲ. ಅತ್ತೆ ಗಿಡ್ಡ ಸ್ಟೂಲಿನ ಮೇಲೆ ಕೂತು, ಹಿಟ್ಟಿನ ಗಿರಣಿಯ ಮೋಟಾರನ್ನು ಮುಂದಿಟ್ಟುಕೊಂಡು, ಅದರ ಹೊಟ್ಟೆಯೊಳಗಿನ ಸುಟ್ಟ ತಂತಿಯನ್ನು ಉಳಿಯಿಂದ ಕೆದಕಿ ತೆಗೆಯುತ್ತಿದ್ದರು. ಕೋಣೆಯ ತುಂಬ ಕರಕಲು ವಾರ್ನಿಷ್ಷಿನ ವಾಸನೆ. ಅವರ ಬೆನ್ನ ಹಿಂದೆ, ಗೋಡೆಗೆ ಒತ್ತಿದ ಬೆಂಚಿನ ಮೇಲೆ, ತಂತಿ ಸುತ್ತುವ ಕೈಯಂತ್ರವಿತ್ತು. ನಿನ್ನೆ ಸಂಜೆಯಿಂದ ಅದರ ಮೇಲೆ ಹಳೆಯ ಹೊದಿಕೆಯೊಂದು ಮುಚ್ಚಿತ್ತು. ಮುಚ್ಚಿದವರು ಅತ್ತೆಯೇ.

ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಈ ಅಂಗಡಿಯನ್ನು ಶುರುಮಾಡಿದ್ದು ಮಾವ. ಅವರು ಹೋದ ಮೇಲೆ ಯಂತ್ರದ ಹಿಡಿಗೆ ಕೈಯಿಟ್ಟವರು ಅತ್ತೆ. ಸುತ್ತಲಿನ ಬೀದಿಗಳವರು ಅವರನ್ನು ತಾಮ್ರದಮ್ಮ ಎಂದೇ ಕರೆಯುತ್ತಿದ್ದರು. ತಂತಿ ಸವರಿ ಸವರಿ ಅವರ ಎಡಗೈ ಬೆರಳುಗಳ ತುದಿ ನುಣುಪಾಗಿ ತಾಮ್ರದ ಬಣ್ಣಕ್ಕೇ ತಿರುಗಿತ್ತು. ಯಂತ್ರದ ಜೊತೆ ಸುತ್ತು ಎಣಿಸುವ ಹಲ್ಲುಚಕ್ರದ ಒಂದು ಪೆಟ್ಟಿಗೆಯೂ ಬಂದಿತ್ತಂತೆ. ಅದರ ಹಲ್ಲು ಸವೆದು ಅಂಕಿ ಹಾರತೊಡಗಿದಾಗ, "ನನಗಿಂತ ಇದಕ್ಕೇ ಮರೆವು ಜಾಸ್ತಿ" ಎಂದು ಅತ್ತೆ ಅದನ್ನು ಬಿಚ್ಚಿ ಬಿಸಾಡಿದ್ದರು. ಅಂದಿನಿಂದ ಎಣಿಕೆಯೆಲ್ಲ ಬಾಯಲ್ಲೇ.

ಹಾಗಾಗಿ ಆ ಮನೆಗೊಂದು ಕಟ್ಟಳೆಯಿತ್ತು. ಅತ್ತೆಯ ಕೈ ಹಿಡಿಯ ಮೇಲಿದ್ದು ತುಟಿ ಅಲುಗುತ್ತಿದ್ದರೆ ಯಾರೂ ಅವರನ್ನು ಮಾತಾಡಿಸಕೂಡದು. ಬಾಗಿಲಿಗೆ ಬಂದ ಗಿರಾಕಿ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ಕಾಯಬೇಕು. ಒಲೆಯ ಮೇಲೆ ಹಾಲು ಉಕ್ಕಿದರೆ ಉಕ್ಕಲಿ. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ತಿಳಿಯದೆ "ಅತ್ತೆ, ಟೀ ಕೊಡ್ಲಾ?" ಎಂದು ಕೇಳಿದ್ದಳು. ಅತ್ತೆ ಕೈ ನಿಲ್ಲಿಸಿ, ಒಂದು ಮಾತೂ ಆಡದೆ, ಸುತ್ತಿದ್ದನ್ನೆಲ್ಲ ಬಿಚ್ಚಿ ಮೊದಲಿನಿಂದ ಶುರುಮಾಡಿದ್ದರು. ಅದಕ್ಕಿಂತ ದೊಡ್ಡ ಬೈಗುಳವನ್ನು ಅವಳು ಆ ಮನೆಯಲ್ಲಿ ಈವರೆಗೂ ತಿಂದಿಲ್ಲ.

ಗಿರಣಿಯ ಮೋಟಾರು ಹೋದ ತಿಂಗಳಷ್ಟೇ ಇಲ್ಲಿಂದ ಹೊಸ ತಂತಿ ಹಾಕಿಸಿಕೊಂಡು ಹೋಗಿತ್ತು. ನಿನ್ನೆ ಗಿರಣಿಯವರು ಅದನ್ನು ಆಟೋದಿಂದ ಇಳಿಸಿ, "ತಾಮ್ರದಮ್ಮಾ, ಇದು ನಿಮ್ಮ ಕೈ ಕೆಲಸ ಅಂತ ಹೇಳೋಕೆ ನಂಗೇ ನಾಚಿಕೆಯಾಗ್ತಿದೆ" ಎಂದರು. ಸೊಸೆಯ ಗಂಡ ನಡುವೆ ಬಾಯಿ ಹಾಕಿ, "ನೀರು ಬಿದ್ದಿರ್ಬೇಕು ಅಣ್ಣಾ" ಎಂದ. ಗಿರಣಿಯವರು ಹೋದ ಮೇಲೆ ಅತ್ತೆ ಮೋಟಾರಿನೊಳಗಿನ ತಂತಿಸುತ್ತಿನ ಕಾಯಿಲ್‌ಗಳನ್ನು ಒಂದೊಂದಾಗಿ ಕತ್ತರಿಸಿ, ತಂತಿಯ ತುದಿಗಳನ್ನು ಬೆರಳಲ್ಲಿ ಬಿಡಿಸಿ ಎಣಿಸಿದರು. ಒಂದರಲ್ಲಿ ಸುತ್ತು ಕಡಿಮೆಯಿತ್ತು. ಹೊರೆಯನ್ನು ಮೂವರು ಸಮನಾಗಿ ಎಳೆಯುವಾಗ ಒಬ್ಬನ ಹಗ್ಗ ಗಿಡ್ಡವಾದರೆ ಏನಾಗುತ್ತದೋ, ಮೋಟಾರಿಗೆ ಆಗಿದ್ದೂ ಅದೇ.

"ಬಸ್ ನಿಲ್ದಾಣದ ಹತ್ರ ಇರೋ ಅಂಗಡಿಗೆ ಕಳಿಸು ಇದನ್ನ. ಇನ್ನು ನಾನು ಈ ಹಿಡಿ ಮುಟ್ಟಲ್ಲ" ಎಂದು ಅವರು ಹೊದಿಕೆ ತಂದು ಮುಚ್ಚಿದ್ದರು.

"ಯಾರ ಕೈಲಿ ತಪ್ಪಾಗಲ್ಲ ಹೇಳಮ್ಮಾ?" ಎಂದ ಮಗ.

"ತಪ್ಪಾಯ್ತಲ್ಲ ಅಂತಲ್ಲ ಕಣೋ. ಆಗಿದ್ದು ನಂಗೆ ಗೊತ್ತೇ ಆಗ್ಲಿಲ್ವಲ್ಲ."

ಗಂಡನದು ಮೋಟಾರು ಇಳಿಸುವ, ಕೂರಿಸುವ, ಬೇರಿಂಗ್ ಬದಲಿಸುವ ಕೈ. ಅವನು ಸುತ್ತಿದ ಕಾಯಿಲ್ ಸಡಿಲ ಜಡೆಯಂತೆ ಜೋತಾಡುತ್ತಿತ್ತು. ಸೊಸೆ ಸುತ್ತಲು ಹೋದಾಗಲೆಲ್ಲ ತಂತಿ ಹರಿದಿತ್ತು. ತಂತಿಯನ್ನು ಎಷ್ಟು ಬಿಗಿ ಹಿಡಿಯಬೇಕೆಂಬುದು ಆ ಮನೆಯಲ್ಲಿ ಒಂದೇ ಒಂದು ಎಡಗೈಗೆ ಗೊತ್ತಿತ್ತು. ಆ ಕೈ ಈಗ, ಸುಟ್ಟದ್ದನ್ನು ತೆಗೆದಾದರೂ ಮೋಟಾರು ಕಳಿಸೋಣವೆಂದು, ಉಳಿ ಹಿಡಿದು ಕೂತಿತ್ತು.

ಸೊಸೆಯೇ ಗಿರಣಿಗೆ ಹೋಗಿ ಒಂದು ದಿನದ ಅವಕಾಶ ಕೇಳಿ ಬಂದಿದ್ದಳು. "ನಾಳೆ ಸಂಜೆ ಬರ್ತೀನಿ. ಆಗಿದ್ರೆ ಸರಿ, ಇಲ್ದಿದ್ರೆ ಹಾಗೇ ಆಟೋಗೆ ಹಾಕ್ಕೊಂಡು ಆ ಅಂಗಡಿಗೆ ಹೋಗ್ತೀನಿ ತಾಯಿ. ಜನ ಡಬ್ಬ ಹಿಡ್ಕೊಂಡು ನಿಂತಿದಾರೆ" ಎಂದಿದ್ದರು ಗಿರಣಿಯವರು.

ಅವಳು ಅವಕಾಶ ಕೇಳಿದ್ದಕ್ಕೆ ಕಾರಣ, ಅಟ್ಟದ ಮೇಲಿನ ರಟ್ಟಿನ ಡಬ್ಬದಲ್ಲಿ ಆಗಲೇ ಇತ್ತು. ಸುತ್ತು ಎಣಿಸುವ ಒಂದು ಸಣ್ಣ ಯಂತ್ರವನ್ನು ಅವಳು ಬಿಡುವಾದಾಗಲೆಲ್ಲ ಕೂತು ಜೋಡಿಸುತ್ತ ಬಂದಿದ್ದಳು. ನಾಲ್ಕು ಕೆಂಪು ಅಂಕಿಗಳ ಫಲಕ, ತಿರುಗುವ ದಂಡಕ್ಕೆ ಅಂಟಿಸಲು ಕಡಲೆ ಗಾತ್ರದ ಅಯಸ್ಕಾಂತ, ಅದು ಹತ್ತಿರ ಸುಳಿದುದನ್ನು ಗುರುತಿಸುವ ಸೆನ್ಸರುಗಳು, ಇವೆಲ್ಲದರ ಲೆಕ್ಕ ಇಡಲು ನಡುವೆ ಇಪ್ಪತ್ತೆಂಟು ಕಾಲಿನ ಒಂದು ಕಪ್ಪು ಎಲೆಕ್ಟ್ರಾನಿಕ್ ಚಿಪ್ಪು. ಲ್ಯಾಪ್‌ಟಾಪಿನಲ್ಲಿ ಬರೆದ ಪ್ರೋಗ್ರಾಮನ್ನು ಆ ಚಿಪ್ಪಿನೊಳಕ್ಕೆ ಇಳಿಸುವುದೊಂದು ಬಾಕಿ. ಇಳಿಸಿಕೊಡುವ ಪುಟ್ಟ ಬೋರ್ಡು, ಪ್ರೋಗ್ರಾಮರ್ ಅನ್ನುತ್ತಾರೆ, ಅದೂ ಬಂದು ಹಾಗೇ ಬಿದ್ದಿತ್ತು. ಇಳಿಸದೆ ಇಟ್ಟಿದ್ದಕ್ಕೆ ಅವಳು ಗಂಡನಿಗೆ ಪುರುಸೊತ್ತಿನ ನೆಪ ಹೇಳುತ್ತಿದ್ದಳು. ನಿಜ ಏನೆಂದರೆ, ಎಣಿಕೆಗೇ ಹೆಸರಾದವರ ಮುಂದೆ ಎಣಿಸುವ ಯಂತ್ರವನ್ನು ಯಾವ ಬಾಯಲ್ಲಿ ಇಡುವುದು?

ಇನ್ನೊಂದು ಅಳುಕೂ ಇತ್ತು. ಮದುವೆಗೆ ಮುಂಚೆ ಅವಳು ತಕ್ಕಡಿ ಮಾಡುವ ಕಾರ್ಖಾನೆಯೊಂದರಲ್ಲಿ, ಚಿಪ್ಪುಗಳಿಗೆ ಪ್ರೋಗ್ರಾಮ್ ತುಂಬುವ ಮೇಜಿನಲ್ಲೇ ಕೆಲಸ ಮಾಡಿದ್ದಳು. ಆದರೆ ಅಲ್ಲಿ ಎಲ್ಲವನ್ನೂ ಯಾರೋ ಹೊಂದಿಸಿಟ್ಟಿರುತ್ತಿದ್ದರು. ಬೋರ್ಡನ್ನು ಅಚ್ಚಿನೊಳಗೆ ಕೂರಿಸು, ಮುಚ್ಚಳ ಒತ್ತು, ಹಸಿರು ದೀಪ ಬಂದರೆ ಬಲಕ್ಕೆ, ಕೆಂಪು ಬಂದರೆ ಎಡಕ್ಕೆ. ಕಾರ್ಖಾನೆ ಮುಚ್ಚುವವರೆಗೂ ಅವಳ ಕೈಯಿಂದ ಸಾವಿರಾರು ಚಿಪ್ಪುಗಳು ಜೀವ ಪಡೆದು ಹೋಗಿದ್ದವು. ಮೊದಲಿನಿಂದ ಕೊನೆಯವರೆಗೆ ತಾನೇ ಹೊಂದಿಸಿದ್ದು ಒಂದೂ ಇರಲಿಲ್ಲ.

ಕೇಬಲ್ ಕೂತಿತು. ಅವಳು ಲ್ಯಾಪ್‌ಟಾಪಿಗೆ ಒಂದೊಂದಾಗಿ ತಿಳಿಸುತ್ತ ಹೋದಳು: ನಡುವೆ ಇರುವ ಪ್ರೋಗ್ರಾಮರ್ ಯಾವ ಜಾತಿಯದು, ಆಚೆ ತುದಿಯ ಚಿಪ್ಪು ಯಾವುದು, ಯಾವ ಕಿಂಡಿಯ ಮೂಲಕ ಮಾತಾಡಬೇಕು. ಮೊದಲ ಸಲ ಪ್ರೋಗ್ರಾಮರನ್ನೇ ಅದು ಗುರುತಿಸಲಿಲ್ಲ. ಅದಕ್ಕೆ ಬೇಕಾದ ತಂತ್ರಾಂಶ ಹಾಕಿ, ಕೇಬಲ್ ಕಿತ್ತು ಮತ್ತೆ ಚುಚ್ಚಿದಳು. ಈ ಸಲ ಪರದೆಯ ಮೇಲೆ ಮೂರು ಪುಟ್ಟ ಸಂಖ್ಯೆಗಳು ಮೂಡಿದವು. ಚಿಪ್ಪು ತನ್ನ ಗುರುತು ಹೇಳಿತ್ತು. "ಯಾರಪ್ಪಾ ನೀನು?" ಎಂದರೆ "ನಾನು ಇಂಥವನು" ಎಂಬ ಉತ್ತರ.

"ಓಗೊಡ್ತು!" ಎಂದಳು ಸೊಸೆ, ತನಗೇ ತಿಳಿಯದಷ್ಟು ಜೋರಾಗಿ.

ಬಾಗಿಲಲ್ಲಿ ಬೇರಿಂಗ್ ಒರೆಸುತ್ತಿದ್ದ ಗಂಡ ಎದ್ದು ಬಂದ. "ಮುಗೀತಾ?"

"ಇಲ್ಲ. ಇನ್ನು ಫ್ಯೂಸ್ ಹಾಕ್ಬೇಕು."

"ಫ್ಯೂಸಾ? ಹೋಯ್ತಾ?" ಅತ್ತೆ ಉಳಿ ಕೆಳಗಿಟ್ಟರು. "ತಂತಿ ಕೊಡ್ಲಾ? ಎಷ್ಟು ದಪ್ಪದ್ದು ಬೇಕು?"

"ಆ ಫ್ಯೂಸ್ ಅಲ್ಲ ಅತ್ತೆ. ಇದು ಸುಡಲ್ಲ. ಚಿಪ್ಪಿಗೆ ಮೊದಲೇ ಹೇಳಿಡೋ ಕಟ್ಟಳೆ ಅಷ್ಟೇ. ಎಷ್ಟು ವೇಗದಲ್ಲಿ ನಡೀಬೇಕು, ಏನು ಅಂತ."

"ಸುಡಲ್ಲ ಅಂದ್ಮೇಲೆ ಅದೆಂಥಾ ಫ್ಯೂಸು" ಎಂದು ಅವರು ಮತ್ತೆ ಉಳಿ ಎತ್ತಿಕೊಂಡರು.

ಅಂಗಡಿಯಿಂದ ಹೊಸದಾಗಿ ಬಂದ ಚಿಪ್ಪು ತನ್ನ ನಿಜವಾದ ವೇಗದ ಎಂಟನೇ ಒಂದು ಪಾಲಿನಲ್ಲಷ್ಟೇ ತೆವಳುತ್ತಿರುತ್ತದೆ. ಅದನ್ನು ಪೂರ್ತಿ ವೇಗಕ್ಕೆ ಬಿಡುವುದಷ್ಟೇ ಸೊಸೆಯ ಉದ್ದೇಶ. ಬೆರಳುಗಳು ಆ ಕಟ್ಟಳೆಯ ಸಂಖ್ಯೆಯನ್ನು ತಟತಟನೆ ಒತ್ತಿದವು. ಎಂಟರ್ ಒತ್ತಿದಳು. ಸರಿಯಾಯಿತೆಂಬ ಸಂದೇಶ ಬಂತು. ಪ್ರೋಗ್ರಾಮ್ ಇಳಿಸಲು ಮತ್ತೆ ಚಿಪ್ಪನ್ನು ಕರೆದಳು.

ಉತ್ತರವಿಲ್ಲ.

ಕೇಬಲ್ ನೋಡಿದಳು, ಕೆಂಪು ಗೆರೆ ಚುಕ್ಕೆಯ ಕಡೆಗೇ ಇತ್ತು. ಮತ್ತೆ ಕರೆದಳು. ಇಲ್ಲ. ಬೋರ್ಡಿಗೆ ವಿದ್ಯುತ್ತು ಬರುತ್ತಿದೆಯೇ ಎಂದು ಮೀಟರ್ ಹಿಡಿದಳು, ಬರುತ್ತಿತ್ತು. ಆಗ ತಾನು ಒತ್ತಿದ ಸಂಖ್ಯೆಯನ್ನು ಪರದೆಯ ಮೇಲೆ ಓದಿದಳು. ಅದು ಇಲ್ಲಿಯ ಸಂಖ್ಯೆಯಲ್ಲ, ಕಾರ್ಖಾನೆಯದು. ಅಲ್ಲಿಯ ತಕ್ಕಡಿ ಬೋರ್ಡುಗಳಲ್ಲಿ ಚಿಪ್ಪಿಗೆ ನಡೆಯಲು ಬೇಕಾದ ಮಿಡಿತವನ್ನು ಪಕ್ಕದಲ್ಲೇ ಕೂತ ಬೇರೊಂದು ಲೋಹದ ಡಬ್ಬಿ ಕೊಡುತ್ತಿತ್ತು. 'ನಿನ್ನ ಒಳಗಿನ ಮಿಡಿತ ನಿಲ್ಲಿಸು, ಹೊರಗಿನಿಂದ ಬರುವುದಕ್ಕೆ ಕಾದಿರು' ಎಂಬುದೇ ಆ ಸಂಖ್ಯೆಯ ಅರ್ಥ. ಈ ಬೋರ್ಡಿನಲ್ಲಿ ಹೊರಗೆ ಏನೂ ಇಲ್ಲ. ಚಿಪ್ಪು ಸತ್ತಿಲ್ಲ, ಬಾರದ ಮಿಡಿತಕ್ಕೆ ಕಾಯುತ್ತ ಕೂತಿದೆ. ಹಾಗೆ ಕೂತಿರುವವರೆಗೆ ಕರೆದರೂ ಕೇಳುವುದಿಲ್ಲ, ಕಟ್ಟಳೆ ತಿದ್ದುತ್ತೇನೆಂದರೂ ಕೇಳುವುದಿಲ್ಲ.

"ಏನಾಯ್ತು?" ಎಂದ ಗಂಡ.

"ಹಳೇ ನಂಬರು. ಕಾರ್ಖಾನೇದು. ಬೆರಳು ತಾನಾಗೇ ಒತ್ಬಿಡ್ತು."

"ಇನ್ನೊಂದು ಚಿಪ್ಪಿದ್ಯಾ?"

"ಇದ್ದಿದ್ದು ಇದೊಂದೇ. ತರಿಸ್ಬೇಕು ಅಂದ್ರೆ ನಾಲ್ಕೈದು ದಿನ."

ಅವನ ಕಣ್ಣು ಬೆಂಚಿನ ಮೇಲಿನ ಹೊದಿಕೆಗೆ ಹೋಗಿ ಬಂದುದನ್ನು ಸೊಸೆ ಕಂಡಳು. ಇಂದು ಸಂಜೆ ಮೋಟಾರು ಇಲ್ಲಿಂದ ಹಾಗೇ ಹೋದರೆ ಆ ಹೊದಿಕೆ ಮತ್ತೆ ಸರಿಯುವುದಿಲ್ಲ. ಅತ್ತೆ ಆಡಿದ ಮಾತನ್ನು ಹಿಂತೆಗೆದುಕೊಂಡುದನ್ನು ಅವರಿಬ್ಬರೂ ಕಂಡವರಲ್ಲ.

ಕೆದಕುವ ಸದ್ದು ನಿಂತಿತ್ತು. ಅತ್ತೆ ಇತ್ತಲೇ ನೋಡುತ್ತಿದ್ದರು. "ಎಲ್ಲಿ ತಪ್ಪಾಯ್ತು ಅಂತ ಗೊತ್ತಾಯ್ತಾ ನಿಂಗೆ?"

"ಗೊತ್ತಾಯ್ತು ಅತ್ತೆ."

"ಹಾಗಿದ್ರೆ ಯಾಕೆ ಮುಖ ಹಾಗೆ ಮಾಡ್ಕೊಂಡಿದ್ದೀಯಾ?" ಎಂದು ಅವರು ಸುಟ್ಟ ತಂತಿಯ ಸಿಂಬಿಯೊಂದನ್ನು ಬಕೆಟ್ಟಿಗೆ ಎಸೆದರು. "ಗೊತ್ತಾಗ್ದೇ ಇರೋ ತಪ್ಪು ಹಿಡ್ಕೊಂಡು ಕೂತಿರೋಳು ನಾನು. ನಿಂದೇನು, ಬಿಚ್ಚು, ಮೊದಲಿಂದ ಸುತ್ತು."

ಬಿಚ್ಚುವುದು ಹೇಗೆ? ಸೊಸೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಚಿಪ್ಪಿಗೆ ಬೇಕಿರುವುದು ಒಂದು ಕಾಲಿನ ಮೇಲೆ ಹೊರಗಿನ ಮಿಡಿತ. ಶಾಶ್ವತವಾಗೇನೂ ಅಲ್ಲ, ಒಂದು ನಿಮಿಷ, ಅದರ ಕಟ್ಟಳೆ ತಿದ್ದುವಷ್ಟು ಹೊತ್ತು. ಸಾಲ ತಂದ ಮಿಡಿತವಾದರೂ ನಡೆದೀತು. ಯಾರಿಂದ?

ಅವಳು ಎದ್ದು ಅಟ್ಟ ಹತ್ತಿದಳು. ಕಾರ್ಖಾನೆಯ ಕೊನೆಯ ದಿನ ಎಲ್ಲರೂ ನೆನಪಿಗೆಂದು ಏನಾದರೊಂದು ಎತ್ತಿಕೊಂಡಿದ್ದರು. ಒಬ್ಬಳು ಗೋಡೆಯ ಫಲಕ, ಒಬ್ಬಳು ಸ್ಟೂಲು. ಇವಳು ತಂದದ್ದು ಕೆಂಪು ದೀಪ ಬಂದು ಎಡಕ್ಕೆ ಬಿದ್ದ ಒಂದು ತಕ್ಕಡಿ ಬೋರ್ಡು. ತೂಗುವ ಭಾಗ ಕೆಟ್ಟಿತ್ತು. ಆದರೆ ಮೂಲೆಯಲ್ಲಿ ಆ ಲೋಹದ ಡಬ್ಬಿ ಹಾಗೇ ಇತ್ತು, ಉಗುರಿನಷ್ಟಗಲ, ಮಂಕಾದ ಬೆಳ್ಳಿಯ ಬಣ್ಣ.

ಬೋರ್ಡಿಗೆ ವಿದ್ಯುತ್ತು ಕೊಟ್ಟು, ಡಬ್ಬಿಯಿಂದ ಮಿಡಿತ ಹೊರಬರುವ ಕಾಲಿಗೆ ಕೂದಲೆಳೆಯಂಥ ತಂತಿಯೊಂದನ್ನು ಬೆಸೆದು, ಅದರ ಇನ್ನೊಂದು ತುದಿಯನ್ನು ಮಲಗಿದ್ದ ಚಿಪ್ಪಿನ ಒಂಬತ್ತನೆಯ ಕಾಲಿಗೆ ತಾಗಿಸಿದಳು. ಎರಡೂ ಬೋರ್ಡುಗಳ ಗ್ರೌಂಡ್ ತಂತಿಗಳನ್ನು ಜೋಡಿಸಿದಳು. ಗಂಡ ಪಕ್ಕದಲ್ಲಿ ಮೊಣಕಾಲೂರಿ, ಅವಳು ಹೇಳದೆಯೇ ಇಕ್ಕಳದಲ್ಲಿ ಆ ಎಳೆಯನ್ನು ಅಲುಗದಂತೆ ಹಿಡಿದ. ಅವನ ಉಸಿರು ಅವಳ ಮುಂಗೈಗೆ ತಾಗುತ್ತಿತ್ತು.

"ಕೆಮ್ಮಬೇಡ" ಎಂದಳು.

"ಕೆಮ್ಮು ಬರ್ತಿರ್ಲಿಲ್ಲ. ನೀನು ನೆನಪು ಮಾಡಿದ್ಮೇಲೆ ಬರ್ತಿದೆ."

ಅವಳು ಚಿಪ್ಪನ್ನು ಕರೆದಳು. ಪರದೆಯ ಮೇಲೆ ಮೂರು ಸಂಖ್ಯೆಗಳು ಮೂಡಿದವು.

ಈ ಸಲ ಅವಳು ಕೂಗಲಿಲ್ಲ. ಸರಿಯಾದ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಒತ್ತಿದಳು, ಎರಡು ಸಲ ಓದಿದಳು, ಗಂಡನಿಂದ ಒಮ್ಮೆ ಓದಿಸಿದಳು, ಆಮೇಲೆ ಎಂಟರ್ ಒತ್ತಿದಳು. "ಬಿಡು ಈಗ" ಎಂದಳು. ಅವನು ಎಳೆಯನ್ನು ಮೇಲೆತ್ತಿದ. ಸಾಲದ ಮಿಡಿತ ತಪ್ಪಿತು. ಅವಳು ಮತ್ತೆ ಕರೆದಳು. ಚಿಪ್ಪು ತನ್ನದೇ ಮಿಡಿತದ ಮೇಲೆ ನಿಂತು ತನ್ನ ಗುರುತು ಹೇಳಿತು. ಮುಂದಿನದು ನೀರು ಇಳಿದಂತೆ ನಡೆಯಿತು: ಪ್ರೋಗ್ರಾಮ್ ಇಳಿಯಿತು, ಇಳಿದದ್ದನ್ನು ಲ್ಯಾಪ್‌ಟಾಪು ವಾಪಸು ಓದಿ ತಾಳೆ ನೋಡಿತು, ಫಲಕದ ಮೇಲೆ ನಾಲ್ಕು ಕೆಂಪು ಸೊನ್ನೆಗಳು ಹತ್ತಿಕೊಂಡವು. ಹಸಿರು ದೀಪವಿರಲಿಲ್ಲ, ಬಲಕ್ಕಿಡು ಎನ್ನುವವರೂ ಇರಲಿಲ್ಲ. ಸೊಸೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಆ ಸೊನ್ನೆಗಳನ್ನು ನೋಡುತ್ತ ಸ್ವಲ್ಪ ಹೊತ್ತು ಕೂತಳು. ಇದರಲ್ಲಿ ಇನ್ನೊಬ್ಬರು ಹೊಂದಿಸಿಟ್ಟದ್ದು ಏನೂ ಇಲ್ಲ ಎಂಬುದು ಅವಳಿಗೆ ನಿಧಾನವಾಗಿ ಒಳಗಿಳಿಯಿತು. ಹಾಗೆ ಇಳಿಯುವಾಗ ಬೆನ್ನು ತಾನಾಗಿ ನೆಟ್ಟಗಾಯಿತು.

"ಅತ್ತೆ, ಆ ಹೊದಿಕೆ ತೆಗೀಬೇಕಿತ್ತು" ಎಂದಳು.

ಅತ್ತೆ ಕೂತಲ್ಲಿಂದ ಏಳಲಿಲ್ಲ. "ನಿನ್ನ ಯಂತ್ರ ಎಣಿಸುತ್ತೆ ಅಂದ್ರೆ ನಿನ್ನ ಯಂತ್ರಾನೇ ಸುತ್ತಲಿ."

"ಅದಕ್ಕೆ ಕೈ ಇಲ್ಲ ಅತ್ತೆ. ಬರೀ ಎಣಿಸೋಕಷ್ಟೇ ಬರೋದು."

ಅವರು ಅವಳನ್ನೊಮ್ಮೆ, ಮೇಜಿನ ಮೇಲಿನ ಅಂಕಿಗಳನ್ನೊಮ್ಮೆ ನೋಡಿದರು. ಎದ್ದು ಸೆರಗಿಗೆ ಕೈ ಒರೆಸಿಕೊಂಡು, ಹೊದಿಕೆಯ ತುದಿ ಹಿಡಿದು ಎಳೆದರು. ಸೊಸೆ ಹಳೆಯ ಹಲ್ಲುಪೆಟ್ಟಿಗೆ ಬಿಟ್ಟುಹೋದ ತೂತುಗಳಲ್ಲೇ ಸ್ಕ್ರೂ ಹಾಕಿ ಫಲಕವನ್ನು ಕೂರಿಸಿದಳು. ಅಯಸ್ಕಾಂತವನ್ನು ದಂಡಕ್ಕೆ ಅಂಟಿಸಿ, ಅಂಟು ಆರುವವರೆಗೆ ಹೆಬ್ಬೆರಳಿಂದ ಒತ್ತಿ ಹಿಡಿದಳು.

ಅತ್ತೆ ತಂತಿಯಿಲ್ಲದೆ ಬರಿದೇ ಹಿಡಿ ತಿರುಗಿಸಿದರು, ತುಟಿ ಅಲುಗಿಸುತ್ತ. ಗಂಡ ಹೆಂಡತಿ ಇಬ್ಬರೂ ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದು ನಿಂತರು. ಒಂದು ಕಡೆ ತಟ್ಟನೆ ನಿಲ್ಲಿಸಿ ಅತ್ತೆ ಫಲಕ ನೋಡಿದರು. ಮತ್ತೆ ತಿರುಗಿಸಿದರು, ಈ ಸಲ ಬಿರುಸಾಗಿ, ಅದನ್ನು ಎಡವಿಸಿಯೇ ತೀರುವೆನೆಂಬಂತೆ. ಮತ್ತೆ ನೋಡಿದರು. ತುಟಿಯ ಲೆಕ್ಕವೂ ಫಲಕದ ಲೆಕ್ಕವೂ ಒಂದೇ ಇರಬೇಕು, ತಪ್ಪು ಹಿಡಿಯಲಿಲ್ಲ. ಆಮೇಲೆ ಅವರ ಕಣ್ಣಲ್ಲಿ ತುಂಟತನದಂಥದೇನೋ ಮಿಂಚಿತು. ತಂತಿ ಜಾರಿದಾಗ ಮಾಡುವಂತೆ, ಹಿಡಿಯನ್ನು ಹಿಂದಕ್ಕೆ ಎರಡು ಸುತ್ತು ತಿರುಗಿಸಿದರು.

ಅಂಕಿ ಎರಡು ಇಳಿಯಿತು.

ಅತ್ತೆ ಕೈ ತೆಗೆದರು. ಇನ್ನೊಮ್ಮೆ ಮುಂದಕ್ಕೆ, ಇನ್ನೊಮ್ಮೆ ಹಿಂದಕ್ಕೆ ತಿರುಗಿಸಿ ನೋಡಿದರು. "ಹಿಂದೆ ಸುತ್ತಿದ್ರೆ ಕಳೀಬೇಕು ಅಂತ ಇದಕ್ಕೆ ಹೇಗೆ ಗೊತ್ತು?"

"ಸೆನ್ಸರು ಎರಡು ಹಾಕಿದೀನಿ ಅತ್ತೆ, ಪಕ್ಕಪಕ್ಕ. ಅಯಸ್ಕಾಂತ ಯಾವುದರ ಮುಂದೆ ಮೊದಲು ಹೋಗುತ್ತೆ ಅನ್ನೋದರ ಮೇಲೆ ದಿಕ್ಕು ತಿಳಿಯುತ್ತೆ."

"ಅದಲ್ಲ. ನಾನು ಹಿಂದೆ ಸುತ್ತುತೀನಿ ಅಂತ ನಿಂಗೆ ಯಾರು ಹೇಳಿದ್ದು? ಇವನಿಗೇ ಗೊತ್ತಿಲ್ಲ ಅದು."

"ಯಾರೂ ಹೇಳಿಲ್ಲ. ನೀವು ಸುತ್ತೋವಾಗ ಮಾತಾಡೋ ಹಾಗಿಲ್ಲ. ಬಾಗಿಲಲ್ಲಿ ನಿಂತು ನೋಡ್ತಿದ್ದೆ."

ಅತ್ತೆ ಬೆರಳಿನ ತುದಿಯಿಂದ ಫಲಕದ ಅಂಚನ್ನು, ಹೊಸ ತಂತಿಯ ಬಿಗಿ ನೋಡುವಂತೆ, ಮೆಲ್ಲನೆ ಸವರಿದರು. ಆಮೇಲೆ ಮಗನ ಕಡೆ ತಿರುಗಿ, "ಬಾಯಿ ಬಿಟ್ಕೊಂಡು ಏನು ನೋಡ್ತೀಯಾ? ತಂತಿ ಉರುಳೆ ತಗೊಂಬಾ. ಸಂಜೆಗೆ ಮೋಟಾರು ಹೋಗ್ಬೇಕು" ಎಂದರು.

ಮಧ್ಯಾಹ್ನ ಕಾಯಿಲ್‌ಗಳು ಒಂದೊಂದಾಗಿ ಸುತ್ತುವ ಯಂತ್ರದ ಅಚ್ಚಿನಿಂದ ಇಳಿದವು. ಮೊದಲಿನವನ್ನು ಸುತ್ತುವಾಗ ಅತ್ತೆ ಫಲಕವನ್ನೂ ನಂಬಲಿಲ್ಲ, ತಮ್ಮನ್ನೂ ನಂಬಲಿಲ್ಲ. ಎರಡನ್ನೂ ತಾಳೆ ಹಾಕಿದರು. ನಾಲ್ಕೋ ಐದೋ ಆದ ಮೇಲೆ ಅವರ ತುಟಿ ಅಲುಗುವುದು ಕಡಿಮೆಯಾಯಿತು. ಸೊಸೆ ಕೆಳಗೆ ಕೂತು, ಇಳಿದ ಕಾಯಿಲ್‌ಗಳನ್ನು ಮೋಟಾರಿನ ಸೀಳುಗಳಲ್ಲಿ ಕೂರಿಸಿ ದಾರ ಬಿಗಿಯುತ್ತಿದ್ದಳು.

ಗಿರಣಿಯವರು ಹೇಳಿದ್ದಕ್ಕಿಂತ ಮುಂಚೆಯೇ ಬಂದರು. ಒಳಗೆ ಇಣುಕಿ, ಅತ್ತೆಯ ಕೈ ಹಿಡಿಯ ಮೇಲಿರುವುದನ್ನು ಕಂಡು, ಚಪ್ಪಲಿ ಬಿಟ್ಟು ಹೊಸ್ತಿಲಲ್ಲೇ ಕೈಕಟ್ಟಿ ನಿಂತರು.

"ಬನ್ನಿ, ಯಾಕೆ ಅಲ್ಲೇ ನಿಂತ್ರಿ?" ಎಂದರು ಅತ್ತೆ. ಕೈ ತಿರುಗುತ್ತಲೇ ಇತ್ತು.

ಗಿರಣಿಯವರು ಹಿಂದೆ ತಿರುಗಿ ಬೀದಿಯತ್ತ ನೋಡಿದರು, ಇನ್ನಾರಿಗೋ ಹೇಳಿದರೇನೋ ಎಂದು. ಬೀದಿಯಲ್ಲಿ ಯಾರೂ ಇರಲಿಲ್ಲ. ಬಾಯಿ ತೆರೆದು, ಮುಚ್ಚಿ, ಗಂಡನ ಕಡೆ ಕಣ್ಣಲ್ಲೇ 'ಮಾತಾಡಬಹುದಾ?' ಎಂದು ಕೇಳಿದರು.

"ಮಾತಾಡಿ, ಮಾತಾಡಿ. ಬೈಯೋದಿದ್ರೂ ಈಗ್ಲೇ ಬೈದುಬಿಡಿ" ಎಂದರು ಅತ್ತೆ. "ಹೋದ ಸಲ ಒಂದು ಕಾಯಿಲ್‌ಗೆ ಸುತ್ತು ಕಡಿಮೆ ಹಾಕಿದ್ದೆ. ನೀರು ಬಿದ್ದಿರ್ಲಿಲ್ಲ. ಈಗ ಎಣಿಸೋಕೆ ಇದು ಇದೆ. ನನ್ನ ಸೊಸೆ ಮಾಡಿದ್ದು. ಇಷ್ಟೂ ಅವಳೊಬ್ಬಳೇ."

ಗಿರಣಿಯವರು ಬಗ್ಗಿ ಕೆಂಪು ಅಂಕಿಗಳನ್ನು ನೋಡಿದರು. "ಹೋಗ್ಲಿ ಬಿಡಿ ತಾಮ್ರದಮ್ಮಾ" ಎಂದು ಪಿಸುದನಿಯಲ್ಲಿ ಹೇಳಿ, ಅಷ್ಟಕ್ಕೇ ಹೆದರಿದವರಂತೆ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತರು. ಗಂಡ ಟೀ ತರಲು ಎದ್ದ.

ಸೊಸೆ ದಾರದ ಗಂಟನ್ನು ಹಲ್ಲಲ್ಲಿ ಕಚ್ಚಿ ಎಳೆದಳು. ಕಣ್ಣು ಮಂಜಾಗಿ ಸೀಳು ಸರಿಯಾಗಿ ಕಾಣಲಿಲ್ಲ, ಮುಂಗೈಯಿಂದ ಒರೆಸಿಕೊಂಡಳು.

"ಆ ಕಾರ್ಖಾನೇಲಿ ದಿನವೆಲ್ಲ ಏನು ಮಾಡ್ತಿದ್ದೆ ನೀನು?" ಅತ್ತೆ ಕೇಳಿದರು. "ಯಾವತ್ತೂ ಹೇಳಲೇ ಇಲ್ವಲ್ಲ."

"ನೀವು ಕೇಳಿದ್ದೇ ಇವತ್ತು."

"ಇವತ್ತು ಕೇಳ್ತಿದ್ದೀನಲ್ಲ, ಹೇಳು."

ಸೊಸೆ ಹೇಳತೊಡಗಿದಳು: ಬೆಳಗಿನ ಸೈರನ್ನು, ಸಾಲಾಗಿ ಮೇಜುಗಳು, ಬೋರ್ಡನ್ನು ಅಚ್ಚಿಗೆ ಕೂರಿಸಿ ಮುಚ್ಚಳ ಒತ್ತುವುದು, ಪಕ್ಕದ ಮೇಜಿನವಳು ಮೇಲ್ವಿಚಾರಕನ ನಡಿಗೆಯನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದುದು. ಅತ್ತೆ "ಹೂಂ" ಎನ್ನುತ್ತಿದ್ದರು, ಒಂದು ಕಡೆ ನಕ್ಕರು, ಒಂದು ಕಡೆ "ಆಮೇಲೆ?" ಎಂದರು. ಉರುಳೆಯಿಂದ ತಂತಿ ಅವರ ಎಡಗೈಯ ಎರಡು ಬೆರಳುಗಳ ನಡುವೆ ಹಾದು, ಸಂಜೆ ಬಿಸಿಲಿಗೆ ಒಮ್ಮೆ ಹೊಳೆದು, ಅಚ್ಚಿನ ಮೇಲೆ ಸುತ್ತು ಸುತ್ತಾಗಿ ಕೂರುತ್ತಿತ್ತು. ಫಲಕದಲ್ಲಿ ಅಂಕಿ ಏರುತ್ತಲೇ ಇತ್ತು. ಇಬ್ಬರೂ ಅದರ ಕಡೆ ನೋಡುತ್ತಿರಲಿಲ್ಲ.